ಟಗರಿಗೆ ಒಂದು ಚಮಚ

ನಮ್ಮ ಮನೆಯಲ್ಲಿ ಟಗರಿಲ್ಲ. ಹಿಂದೆಯೂ ಇರಲಿಲ್ಲ. ಆದರೂ ನನ್ನ ದಿನಚರಿಯಲ್ಲಿ ನಲವತ್ತು ದಿನಗಳ ಪುಟಗಳಲ್ಲಿ, ‘ಟಗರಿಗೆ ಒಂದು ಚಮಚ, ಬೆಳಿಗ್ಗೆ, ಬಿಸಿ ಹಾಲಿನಲ್ಲಿ’ ಎಂದು ಬರೆದಿದೆ. ಅಕ್ಷರ ನನ್ನದೇ. ಇನ್ನು ನಿಮಗೆ ವಿವರಿಸದೆ ಬೇರೆ ದಾರಿಯಿಲ್ಲ.

ನಾನು ಭೀಮರಾಯನಗುಡಿಯ ಹತ್ತಿರ ಕಾಲುವೆಯ ನೀರಿನ ಮಟ್ಟ ನೋಡಿ ಬರೆದಿಡುವವನು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಈ ಚಟ ಮನೆಯವರೆಗೂ ಬಂದಿದೆ. ಕುಡಿದ ಚಹಾ, ಬಂದ ಬೀಗರು, ತಪ್ಪಿದ ಬಸ್ಸು, ಎಲ್ಲಕ್ಕೂ ನನ್ನ ಬಳಿ ಲೆಕ್ಕವಿದೆ. ಮದುವೆಯಾಗಿ ಮೂರು ವರ್ಷ ತುಂಬಿದ ದಿನ ಇನ್ನೊಂದು ಲೆಕ್ಕವನ್ನೂ ತೆಗೆದೆ. ಮಕ್ಕಳಾಗಲಿಲ್ಲವೆಂದು ನನ್ನ ಹೆಂಡತಿ ರೇಣುಕಾ ತಿರುಗಿದ ಆಸ್ಪತ್ರೆಗಳು: ನಾಲ್ಕು. ಪರೀಕ್ಷೆಗೆ ರಕ್ತ ಕೊಟ್ಟದ್ದು: ಒಂಬತ್ತು ಸಲ. ಅವ್ವ ಕುದಿಸಿಕೊಟ್ಟ ಕಷಾಯ: ಎಣಿಕೆ ತಪ್ಪಿದೆ. ನಾನು ಡಾಕ್ಟರ ಮುಂದೆ ಕೂತದ್ದು: ಸೊನ್ನೆ. ಯಾದಗಿರಿಯ ಡಾಕ್ಟರಮ್ಮ ನನಗೂ ಒಂದು ಪರೀಕ್ಷೆ ಆಗಲೆಂದು ಎರಡು ಸಲ ಚೀಟಿ ಬರೆದುಕೊಟ್ಟಿದ್ದರು. ಎರಡನ್ನೂ ದಿನಚರಿಯ ರಟ್ಟಿನೊಳಗೆ ಬಹಳ ಜೋಪಾನವಾಗಿ ಇಟ್ಟಿದ್ದೆ. ಕಳೆದುಹೋಗಬಾರದಲ್ಲ!

ಚೀಟಿ ಹಿಡಿದು ಲ್ಯಾಬಿಗೆ ಹೋಗುವ ಬದಲು ನಾನು ಹೋದದ್ದು ಶಹಾಪುರದ ಖಾಜಾ ಚಾಚಾ ಅವರ ಗಿಡಮೂಲಿಕೆ ಅಂಗಡಿಗೆ. ಅಲ್ಲೊಂದು ಪದ್ಧತಿಯಿದೆ. ಗಂಡಸರ ಶಕ್ತಿಯ ಪುಡಿಯನ್ನು ಯಾರೂ ತಮಗೆಂದು ಕೇಳುವುದಿಲ್ಲ. ಟಗರಿಗೆಂದು ಕೇಳುತ್ತಾರೆ. ಕುರಿ ಸಾಕುವ ಸೀಮೆಯಾದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಅಥವಾ ಎಲ್ಲರಿಗೂ ಗೊತ್ತಿರುತ್ತದೆ. ಚಾಚಾ ಮಾತ್ರ ಒಮ್ಮೆಯೂ ನಗುವುದಿಲ್ಲ.

“ಟಗರಿನ ವಯಸ್ಸೆಷ್ಟು ತಮ್ಮಾ?”

“ಮೂವತ್ತೊಂದ್ರಿ.”

“ಬಿ.ಪಿ., ಶುಗರಿನ ಗುಳಿಗಿ ಏನರ ನಡದಾವೇನು?”

“ಇಲ್ರಿ. ಚಿಂತಿ ಒಂದು ಭಾಳ ಮಾಡ್ತೈತ್ರಿ.”

“ಡಾಕ್ಟರಿಗಿ ತೋರ್ಸೀರೇನು?”

ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಚಾಚಾ ಡಬ್ಬಿ ಕೈಗಿಡುತ್ತಾ, “ಮೊದಲ ತೋರಸ್ರಿ. ಟಗರಿನ ಹೊಟ್ಯಾಗ ಏನೈತಿ ಅಂತ ಪುಡಿಗಿ ಕಾಣಂಗಿಲ್ಲ” ಎಂದರು.

ಮನೆಗೆ ಬಂದು ಡಬ್ಬಿಯ ಮೇಲಿನ ಹೆಸರುಗಳನ್ನು ಓದಿದೆ. ಅಶ್ವಗಂಧ ಎಂದರೆ ಕುದುರೆಯ ವಾಸನೆ. ಗೋಕ್ಷುರ, ಹಸುವಿನ ಗೊರಸು. ಕಪಿಕಚ್ಛು, ಮಂಗನ ತುರಿಕೆ. ಇಷ್ಟು ಪ್ರಾಣಿಗಳು ಸೇರಿ ಗಂಡಸನ್ನು ಎತ್ತಿ ನಿಲ್ಲಿಸಬೇಕು, ಗಂಡಸಿನ ಹೆಸರು ಮಾತ್ರ ಎಲ್ಲೂ ಇಲ್ಲ. ಹಾಗೆ ನೋಡಿದರೆ ನಮ್ಮೂರಿನವರು ಟಗರನ್ನು ಸೇರಿಸಿದ್ದು ಶಾಸ್ತ್ರಕ್ಕೆ ಹೊರತಲ್ಲ. ಇನ್ನೂ ಸೋಜಿಗವೆಂದರೆ, ಈ ಗೋಕ್ಷುರ ಬೇರೆ ಯಾವುದೂ ಅಲ್ಲ, ಕಾಲುವೆಯ ದಂಡೆಯಲ್ಲಿ ನನ್ನ ಸೈಕಲ್ಲನ್ನು ಮೂರು ಸಲ ಪಂಕ್ಚರ್ ಮಾಡಿದ ನೆಗ್ಗಿಲು ಮುಳ್ಳು! ಚಪ್ಪಲಿಯಿಂದ ಕಿತ್ತು ಬೈದು ಎಸೆದದ್ದನ್ನೇ ಈಗ ಹಾಲಿನಲ್ಲಿ ಕದಡಿ ಭಕ್ತಿಯಿಂದ ಕುಡಿಯತೊಡಗಿದೆ.

ದಿನಚರಿಯಲ್ಲಿ ಪುಡಿಯ ಸಾಲಿನ ಪಕ್ಕದಲ್ಲಿ ‘ಉತ್ಸಾಹ’ ಎಂಬ ಕಾಲಂ ಹಾಕಿ ದಿನವೂ ಹತ್ತಕ್ಕೆ ಅಂಕ ಕೊಟ್ಟೆ. ಮೊದಲ ದಿನ ಆರು. ಹನ್ನೊಂದನೆಯ ದಿನ ಎಂಟು. ಅಂದು ಸಂಜೆ ರೇಣುಕಾಳೊಂದಿಗೆ ಗುಡ್ಡದ ಕಡೆ ನಡೆದುಹೋಗಿದ್ದೆ. ಇಪ್ಪತ್ತಮೂರನೆಯ ದಿನ ಒಂಬತ್ತು; ಅಂದು ಪುಟದಲ್ಲಿ ಬರೆದಿಟ್ಟು ಪುಡಿ ತೆಗೆದುಕೊಳ್ಳುವುದನ್ನೇ ಮರೆತಿದ್ದೆ. ಇದೇನು ಲೆಕ್ಕವೆಂದು ಅಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋದೆ. ಮಟ್ಟ ಅಳೆಯುವ ಕೋಲಿಗೆ ಹೊಸ ಬಣ್ಣ ಬಳಿದರೆ ಕಾಲುವೆಗೆ ನೀರು ಬರುವುದಿಲ್ಲ ಎಂದು ಕೆಲಸದಲ್ಲಿ ಬಲ್ಲವನು ನಾನು. ಮನೆಯಲ್ಲಿ ದಿನವೂ ಬಳಿಯುತ್ತಿದ್ದೆ.

ನಲವತ್ತೊಂದನೆಯ ದಿನ ಭಾನುವಾರ. ಗ್ಯಾಸ್ ಸಿಲಿಂಡರ್ ಬಂದು ಎಷ್ಟು ದಿನವಾಯಿತೆಂದು ನೋಡಲು ರೇಣುಕಾ ನನ್ನ ದಿನಚರಿ ತೆರೆದಳು. ನಾನು ರೊಟ್ಟಿ ತಿನ್ನುತ್ತಿದ್ದೆ.

“ರೀ, ನಮ್ಮ ಮನ್ಯಾಗ ಟಗರ ಎಲ್ಲೈತ್ರಿ?”

ನಾನು ಬುಟ್ಟಿಯಲ್ಲಿ ಉಳಿದ ರೊಟ್ಟಿಗಳನ್ನು ಎಣಿಸಿದೆ.

“ದಿನಾ ಹಾಲು ಕುಡ್ಯಾಕತ್ತೈತಿ, ಹತ್ತಕ್ಕ ಏಳು ನಂಬರ್ ತಗೊಳ್ಳಾಕತ್ತೈತಿ. ಇಷ್ಟು ಶಾಣ್ಯಾ ಟಗರ, ನನ್ನ ಕಣ್ಣಿಗೇ ಬಿದ್ದಿಲ್ಲಲ್ಲ!”

ಒಲೆಯ ಹಿಂದೆ ನಾನು ಬಚ್ಚಿಟ್ಟಿದ್ದ ಡಬ್ಬಿ ಅವಳಿಗೆ ಮೊದಲೇ ಗೊತ್ತಿತ್ತೆಂದು ಕಾಣುತ್ತದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗುವಾಗ ಪುಸ್ತಕ ಅಲುಗಿ ರಟ್ಟಿನೊಳಗಿನ ಚೀಟಿಗಳು ನೆಲಕ್ಕೆ ಬಿದ್ದವು. ಎತ್ತಿಕೊಂಡು ಓದಿದಳು. ನಗು ನಿಂತಿತು.

“ಒಂಬತ್ತು ಸಲ ಸೂಜಿ ಚುಚ್ಚಿಸ್ಕೊಂಡೀನ್ರಿ,” ಎಂದಳು ಮೆತ್ತಗೆ. “ನಾ ಒಮ್ಮಿನೂ ಯಾವ ಕುರಿ ಹೆಸರೂ ಹೇಳ್ಲಿಲ್ಲ.”

ಈ ಮಾತಿಗೆ ನನ್ನ ಯಾವ ಕಾಲಮಿನಲ್ಲೂ ಜಾಗವಿರಲಿಲ್ಲ.

ಮರುದಿನ ಇಬ್ಬರೂ ಯಾದಗಿರಿಯ ಬಸ್ಸು ಹತ್ತಿದೆವು. ಚಾಚಾ ಟಗರಿನ ವಯಸ್ಸು ಕೇಳಿದ್ದನ್ನೂ ದಾರಿಯಲ್ಲಿ ಅವಳಿಗೆ ಹೇಳಿದೆ. ಲ್ಯಾಬಿನ ಕಿಟಕಿಯಲ್ಲಿದ್ದ ಹೆಣ್ಣುಮಗಳು ಚೀಟಿ ನೋಡಿ, ಎಲ್ಲರಿಗೂ ಕೇಳುವಂತೆ, “ಯಾರಿಗ್ರಿ ಈ ಪರೀಕ್ಷೆ?” ಎಂದಳು. ನನ್ನ ಹಿಂದೆ ಆರು ಜನ ನಿಂತಿದ್ದರು, ಎಣಿಸಿದ್ದೇನೆ. ನಾಲಿಗೆ ಅಭ್ಯಾಸದಂತೆ ಟಗರಿನ ಹತ್ತಿರ ಹೋಗಿ ನಿಂತಿತು. ರೇಣುಕಾ ನನ್ನ ಕಡೆ ನೋಡಿದಳು.

“ನನಗ್ರಿ,” ಎಂದೆ. ದನಿ ಸಣ್ಣದಾಯಿತೆನ್ನಿಸಿ ಇನ್ನೊಮ್ಮೆ ಹೇಳಿದೆ, “ನನಗ.”

“ವಯಸ್ಸು?”

“ಮೂವತ್ತೊಂದು.”

ರೇಣುಕಾ ಸೆರಗು ಬಾಯಿಗೆ ಒತ್ತಿಕೊಂಡಳು. ಹಿಂದಿನ ಆರು ಜನರಲ್ಲಿ ಯಾರಿಗೂ ಏನೂ ಆಗಲಿಲ್ಲ. ಒಬ್ಬ ಆಕಳಿಸಿದ.

ವಾರದ ನಂತರ ವರದಿ ನೋಡಿ, ಪುಡಿಯ ಕಥೆಯನ್ನೂ ನನ್ನಿಂದ ಕೇಳಿಕೊಂಡ ಡಾಕ್ಟರಮ್ಮ, “ವೀರ್ಯಾಣು ಎಣಿಕಿ ಸ್ವಲ್ಪ ಕಮ್ಮಿ ಐತಿ. ಗಾಬರಿ ಬ್ಯಾಡ್ರಿ, ಇದಕ್ಕ ದಾರಿ ಐತಿ. ಆ ಪುಡಿ ಸದ್ಯಕ್ಕ ನಿಲ್ಲಸ್ರಿ. ಮೂರು ತಿಂಗಳಿಗೆ ಮತ್ತ ನೋಡೂಣು” ಎಂದರು. ಮೂರು ವರ್ಷ ನಾನು ಹೆದರಿದ್ದು ಎರಡು ನಿಮಿಷದ ಈ ಮಾತಿಗೆ.

ಅಂದಿನ ಪುಟದಲ್ಲಿ ‘ನನಗೆ: ಮುಂದಿನ ಪರೀಕ್ಷೆ ಮೂರು ತಿಂಗಳಿಗೆ’ ಎಂದಷ್ಟೇ ಬರೆದು, ಉತ್ಸಾಹದ ಕಾಲಂ ಖಾಲಿ ಬಿಟ್ಟು ಕೈತೊಳೆಯಲು ಹೋದೆ. ಬಂದು ನೋಡಿದರೆ ಅಲ್ಲಿ ರೇಣುಕಾಳ ದುಂಡನೆಯ ಅಕ್ಷರದಲ್ಲಿ ‘ಒಂಬತ್ತು’ ಎಂದಿತ್ತು. ಅದರ ಕೆಳಗೆ ಒಂದು ಸಾಲು: ‘ಇವತ್ತು ಟಗರು ಮಾರಿದೆವು.’