ಕಡಲಿದ್ದ ಕಡೆಯೇ ಪಡುವಣ

ರಜೆಗೆಂದು ಸಮುದ್ರದ ಬದಿಯಲ್ಲಿ ಮನೆ ಬಾಡಿಗೆಗೆ ಹಿಡಿದವರು ಸಮುದ್ರ ನೋಡುತ್ತಾರೆ ಎಂದು ನಾನು ತಿಳಿದಿದ್ದೆ. ನಮ್ಮವರು ಸೋಫಾ ಎತ್ತಿದರು.

ಇದು ನನ್ನ ಮಗ, ಮಗಳು ಇಬ್ಬರೂ ದೋಹಾದಲ್ಲಿ ಸಂಸಾರ ಹೂಡಿದ್ದ ಕಾಲದ ಮಾತು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿದ್ದಿರಬೇಕು. ನಾನು ವಿಸಿಟ್ ವೀಸಾದಲ್ಲಿ ಹೋಗಿ ಮಗನ ಫ್ಲ್ಯಾಟಿನಲ್ಲಿ ಕೂತಿದ್ದೆ. ಕೂತಿದ್ದೆ ಎಂದರೆ ಕೂತೇ ಇದ್ದೆ. ಕಿಟಕಿ ತೆರೆದರೆ ಎದುರಿನ ಕಟ್ಟಡದ ಏಸಿ ಡಬ್ಬಗಳು, ಅವುಗಳ ಮೇಲೆ ಪಾರಿವಾಳಗಳು. ಸೂರ್ಯ ಎಲ್ಲಿ ಹುಟ್ಟುತ್ತಾನೆ, ಎಲ್ಲಿ ಮುಳುಗುತ್ತಾನೆ ಎಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮಗ ಏಸಿ ಮನೆಯಿಂದ ಏಸಿ ಕಾರಿಗೆ, ಕಾರಿನಿಂದ ಏಸಿ ಆಫೀಸಿಗೆ. ಬಿಸಿಲು ಅವನ ಮಟ್ಟಿಗೆ ಕಪ್ಪು ಕನ್ನಡಕ ಮಾರುವವರ ವ್ಯವಹಾರ.

ಈದ್ ರಜೆ ಬಂತು. ಅಳಿಯನಿಗೆ ಯಾರೋ ಹೇಳಿದರಂತೆ, ಅಲ್ ಖೋರ್ ದಾಟಿದರೆ ಸಮುದ್ರಕ್ಕೆ ಮುಖ ಮಾಡಿದ ಮನೆಗಳು ಬಾಡಿಗೆಗೆ ಸಿಗುತ್ತವೆ ಎಂದು. ಎರಡು ಸಂಸಾರ ಸೇರಿ ಒಂದು ಮನೆ ಹಿಡಿದರು. ಎರಡು ರಾತ್ರಿಗೆ ಹೊರಟವರ ಸಾಮಾನು ನೋಡಿದರೆ ಮದುವೆ ದಿಬ್ಬಣ ಹೊರಟಂತಿತ್ತು. ಕುಕ್ಕರ್ ಬಂತು, ಕುಚ್ಚಲಕ್ಕಿ ಬಂತು, ದೋಸೆಹಿಟ್ಟಿನ ಪಾತ್ರೆ ನನ್ನ ತೊಡೆಯ ಮೇಲೆ ಬಂತು.

ಮಕ್ಕಳು ಮೂವರು. ಮಗಳಿಗೆ ಇಬ್ಬರು ಗಂಡುಮಕ್ಕಳು, ಹತ್ತು ವರ್ಷದವನು ಒಬ್ಬ, ಒಂಬತ್ತರವನು ಒಬ್ಬ. ಬಾಯಿ ಮುಚ್ಚಿದ್ದನ್ನು ನಾನು ಕಂಡವಳಲ್ಲ. ಮಗನಿಗೆ ಒಬ್ಬಳೇ ಹುಡುಗಿ, ಎಂಟು ವರ್ಷ. ಮೂವರದ್ದೂ ಒಂದೇ ಶಾಲೆ, ಒಂದೇ ಬಸ್ಸು.

ಹುಡುಗಿಗೆ ರಾತ್ರಿ ಹಾಸಿಗೆ ಒದ್ದೆಯಾಗುವುದಿತ್ತು. ನಮ್ಮಲ್ಲಿ ಇದಕ್ಕೆ ಹೆಸರೇ ಇರಲಿಲ್ಲ. ಚಾಪೆ ಬಿಸಿಲಿಗೆ ಹಾಕುತ್ತಿದ್ದೆವು, ಮುಗಿಯಿತು. ನಾನು ಹೆತ್ತ ಮಕ್ಕಳಲ್ಲಿ ಈ ಹುಡುಗಿಯ ಅಪ್ಪನೇ ಆರನೆಯ ಕ್ಲಾಸಿನವರೆಗೆ ಚಾಪೆ ಒಣಗಿಸಿದವನು. ಈಗ ಅವನು ಅದನ್ನು ಮರೆತಿದ್ದ. ದೋಹಾದಲ್ಲಿ ಅದಕ್ಕೊಂದು ಇಂಗ್ಲಿಷ್ ಹೆಸರು, ಒಬ್ಬ ಡಾಕ್ಟರು, ಕತ್ತಲಾದ ಮೇಲೆ ನೀರು ಕೊಡಬಾರದೆಂಬ ಕಾಯಿದೆ, ಒದ್ದೆಯಾಗದೆ ಎದ್ದ ದಿನಕ್ಕೆ ಚಾಕೊಲೇಟು. ಮರುಭೂಮಿಯಲ್ಲಿ ಮಗುವಿಗೆ ನೀರು ಕೊಡದ ಔಷಧ. ಓದಿದವರ ವಿಷಯ, ನಾನು ಬಾಯಿ ಹಾಕಲಿಲ್ಲ. ಅದು ಮನೆಯ ಹೊರಗೆ ಯಾರಿಗೂ ಗೊತ್ತಿರಲಿಲ್ಲ, ಮಗಳ ಮನೆಯವರಿಗೂ.

ಕಾರಿನಲ್ಲಿ ಹುಡುಗಿ ನನ್ನ ಕಿವಿಗೆ ಬಾಯಿ ಇಟ್ಟಳು.

"ಅಜ್ಜಿ, ನೈಟ್ ನಂಗೆ ಅವ್ರ ಜೊತೆ ಮಲಗ್ಬೇಕು. ಬಟ್ ಅದು ಆದ್ರೆ ಬಸ್ಸಲ್ಲಿ ಎಲ್ರಿಗೂ ಹೇಳ್ತಾರೆ."

"ಮೊದ್ಲು ಹೋಗಿ ತಲುಪುವ," ಎಂದೆ. ದೋಸೆಹಿಟ್ಟು ಚೆಲ್ಲುವುದರಲ್ಲಿತ್ತು.

ತಲುಪುವಾಗ ಮಧ್ಯಾಹ್ನ ಕಳೆದಿತ್ತು. ಅಂದು ಧೂಳುಗಾಳಿ. ಆಕಾಶ ಬೂದಿ ಕಲಸಿದ ನೀರಿನ ಹಾಗಿತ್ತು, ಸೂರ್ಯ ಎಂಬವನು ಇದ್ದಾನೋ ಇಲ್ಲವೋ ತಿಳಿಯುವಂತಿರಲಿಲ್ಲ. ಮನೆಯ ಮುಂದೆ ಮರಳು, ಆಚೆ ಸಮುದ್ರ, ತೆರೆಯಿಲ್ಲದೆ ಕೆರೆಯಂತೆ ಬಿದ್ದಿತ್ತು. ಒಳಗೆ ಎರಡು ಮಲಗುವ ಕೋಣೆ, ನಡುವೆ ಮಜ್ಲಿಸ್. ಮಜ್ಲಿಸ್ ಎಂದರೆ ಅರಬರ ಚಾವಡಿ, ಗೋಡೆಗೆ ಒತ್ತಿ ನೆಲದ ಮೇಲೆ ದಪ್ಪ ದಿಂಬುಗಳ ಸಾಲು. ಅದು ಸಾಲದೆಂದು ಒಂದು ಸೋಫಾ, ಬಂಗಾರದ ಬಣ್ಣದ ಕಾಲಿನ ಗಾಜಿನ ಮೇಜು, ಬೀರುವಿನಷ್ಟು ದೊಡ್ಡ ಟಿವಿ. ಒಂದು ಕೋಣೆಯಲ್ಲಿ ಆನೆ ಮಲಗುವಂಥ ಮಂಚ. ಇನ್ನೊಂದರಲ್ಲಿ ಜೋಡಿ ಮಂಚ, ಅದರ ಬದಿಗೆ ಮಕ್ಕಳಿಗೆಂದು ಒಂದರ ಮೇಲೊಂದು ಅಟ್ಟದ ಹಾಗೆ ಕಟ್ಟಿದ ಕಬ್ಬಿಣದ ಮಂಚ.

ಚಪ್ಪಲಿ ಬಿಡುವ ಮೊದಲೇ ಸೊಸೆ ತನ್ನ ಏರ್ಪಾಡು ಹೇಳಿದಳು. ಹುಡುಗಿ ತಮ್ಮ ಕೋಣೆಯಲ್ಲಿ, ಮಡಚುವ ಮಂಚ ದೋಹಾದಿಂದಲೇ ಬಂದಿದೆ. ಗಂಡುಮಕ್ಕಳು ತಮ್ಮ ಅಪ್ಪ ಅಮ್ಮನ ಕೋಣೆಯಲ್ಲಿ, ಅಟ್ಟದ ಮಂಚದಲ್ಲಿ. ದೊಡ್ಡ ಹುಡುಗ ಕೂಡಲೇ ಕೇಳಿದ, ಅವಳೇನು ಬೇಬಿಯಾ, ಅಪ್ಪ ಅಮ್ಮನ ಹತ್ತಿರ ಮಲಗಲು ಎಂದು. ತಾನು ಮಲಗುವುದೂ ಅಪ್ಪ ಅಮ್ಮನ ಹತ್ತಿರವೇ ಎಂದು ಅವನಿಗೆ ಹೊಳೆಯಲಿಲ್ಲ. ಗಂಡಸರಿಗೆ ಅದು ಯಾವ ವಯಸ್ಸಿನಲ್ಲೂ ಹೊಳೆಯುವುದಿಲ್ಲ. ಹುಡುಗಿಯ ಮುಖ ಇಷ್ಟು ಸಣ್ಣದಾಯಿತು.

ಅಳಿಯ ದೊಡ್ಡ ಮನಸ್ಸು ಮಾಡಿದರು. ಹುಡುಗಿಯೂ ಅಣ್ಣಂದಿರ ಜೊತೆ ಇರಲಿ, ಮೇಲಿನ ಮಂಚ ಅವಳಿಗೇ ಎಂದರು. ಮೇಲಿನ ಮಂಚ. ಕೆಳಗೆ ಮಲಗಿದವನ ನೆತ್ತಿಗೆ ನಡುರಾತ್ರಿ ಅಭಿಷೇಕವಾಗುವ ಚಿತ್ರ ನನ್ನ ಕಣ್ಣೆದುರು ನಿಂತಿತು. ಸೊಸೆಯ ಕಣ್ಣೆದುರೂ ನಿಂತಿರಬೇಕು, ಅವಳು ನನ್ನ ಕಡೆ ನೋಡಿದಳು. ನಾವಿಬ್ಬರು ಒಂದೇ ಹೊತ್ತಿಗೆ ಒಂದೇ ವಿಷಯ ಯೋಚಿಸಿದ್ದು ಆ ಮದುವೆಯಾದ ಮೇಲೆ ಅದೇ ಮೊದಲು.

"ಏಣಿಯಿಂದ ಬಿದ್ರೆ ಯಾರು ನೋಡುದು?" ಎಂದೆ. "ಮಕ್ಕಳು ಮೂರೂ ಚಾವಡಿಯಲ್ಲಿ, ನೆಲದಲ್ಲಿ. ಸಾಲಾಗಿ. ಕೊನೆಗೆ ನಾನು."

ಸಾಲು ಹಾಸಿಗೆ ನಮಗೆ ಹೊಸತಲ್ಲ. ಮದುವೆ, ಸತ್ತವರ ಬೊಜ್ಜ, ಏನಿದ್ದರೂ ಮಕ್ಕಳನ್ನು ಮೀನು ಒಣಗಿಸಿದ ಹಾಗೆ ಸಾಲಾಗಿ ಮಲಗಿಸಿದವರು ನಾವು. ಆದರೆ ಚಾವಡಿಯಲ್ಲಿ ಜಾಗವಿದ್ದರೆ ತಾನೇ? ಸೋಫಾ ಹೊರಗೆ ಹೋಗಬೇಕು, ಗಾಜಿನ ಮೇಜು ಹೋಗಬೇಕು, ಟಿವಿ ಸರಿಯಬೇಕು. ಬಾಡಿಗೆ ಮನೆಯ ಸಾಮಾನು ಅಲುಗಾಡಿಸಬಾರದು ಎಂದು ಮಗ ಕಾನೂನು ಹೇಳಿದ. ಕಾನೂನು ಹೇಳುವಾಗ ಅವನು ಯಾವಾಗಲೂ ಕೂತಿರುತ್ತಾನೆ. ಎಬ್ಬಿಸಿದೆ.

ಭಾವಂದಿರಿಬ್ಬರೂ ಸೋಫಾ ಎತ್ತಿದರು. ಬಾಗಿಲಿನಲ್ಲಿ ಅದು ಸಿಕ್ಕಿಕೊಂಡಿತು. ಒಬ್ಬರು ಒಳಗೆ, ಒಬ್ಬರು ಹೊರಗೆ, ನಡುವೆ ಸೋಫಾ, ಇಬ್ಬರೂ ಒಬ್ಬರಿಗೊಬ್ಬರು ಇಂಗ್ಲಿಷಿನಲ್ಲಿ ಸಲಹೆ ಕೊಟ್ಟರು. ಕೊನೆಗೆ ಕಾಲು ಬಿಚ್ಚಿ ಹೊರಗೆ ಹಾಕಿದರು. ಅಳಿಯ ಸೊಂಟ ಹಿಡಿದುಕೊಂಡು, ಖಲಾಸ್, ಇನ್ನು ನನ್ನಿಂದಾಗದು ಎಂದರು. ಹಾಸಿಗೆಗಳು ಬಂದವು. ಏಸಿಯ ಗಾಳಿ ತಲೆಗೆ ಬೀಳುತ್ತದೆ ಎಂದು ಮಗಳು ಅವನ್ನು ಒಮ್ಮೆ ತಿರುಗಿಸಿದಳು. ಟಿವಿ ಕಾಣುವುದಿಲ್ಲ ಎಂದು ಹುಡುಗರು ಇನ್ನೊಮ್ಮೆ ತಿರುಗಿಸಿದರು. ಆಗ ನನಗೆ ದಿಕ್ಕಿನ ನೆನಪಾಯಿತು.

ಉತ್ತರಕ್ಕೆ ತಲೆ ಹಾಕಿ ಮಲಗಬಾರದು. ಗಣಪತಿಗೆ ಆನೆಯ ತಲೆ ಬಂದದ್ದು ಆನೆ ಹಾಗೆ ಮಲಗಿದ್ದಕ್ಕೆ. ನಾನು ಓದಿದ್ದು ನಾಲ್ಕನೆಯ ಕ್ಲಾಸು, ಬೀಡಿ ಕಟ್ಟಿ ಮಕ್ಕಳನ್ನು ಸಾಕಿದವಳು, ಆದರೆ ನನ್ನ ಮನೆಯಲ್ಲಿ ಯಾರೂ ಉತ್ತರಕ್ಕೆ ತಲೆ ಹಾಕಿದ್ದಿಲ್ಲ. ಸೊಸೆ ಎಂಎಸ್ಸಿ. ಇದೆಲ್ಲ ಮೂಢನಂಬಿಕೆ ಎಂದು ಮೆಲ್ಲಗೆ, ಆದರೆ ನನಗೆ ಕೇಳಿಸುವಷ್ಟು ಜೋರಾಗಿ ಹೇಳಿದಳು. ದಕ್ಷಿಣ ಯಾವ ಕಡೆ ಎಂದು ಮಗನನ್ನು ಕೇಳಿದೆ.

"ಇಲ್ಲಿ ದಿಕ್ಕೆಲ್ಲ ಯಾರು ನೋಡ್ತಾರೆ ಅಮ್ಮ? ಮೂರನೇ ರೌಂಡ್‌ಅಬೌಟಲ್ಲಿ ರೈಟು, ಅಷ್ಟೇ."

ಹತ್ತು ವರ್ಷದಿಂದ ಆ ದೇಶದಲ್ಲಿ ಇಂಜಿನಿಯರ್ ಆಗಿದ್ದಾನೆ.

ಅಳಿಯ ಮಲ್ಪೆಯ ಕಡೆಯವರು. ಸೊಂಟದ ನೋವಿನಲ್ಲೂ ನಕ್ಕರು. "ಕಡಲು ಎದುರೇ ಕಾಣ್ತದಲ್ಲ ಮಾಮಿ. ಕಡಲಿದ್ದ ಕಡೆ ಪಡುವಣ. ಅದಕ್ಕೆ ಇಂಜಿನಿಯರನ್ನು ಕೇಳ್ಬೇಕಾ?"

ಅದು ನನ್ನ ಬಾಯಲ್ಲೂ ಇದ್ದ ಮಾತೇ. ಕಡಲಿಗೆ ಮುಖ ಮಾಡಿ ನಿಂತರೆ ಎಡಗೈ ದಕ್ಷಿಣ. ಹುಟ್ಟಿದಂದಿನಿಂದ ಎಡಗೈ ದಕ್ಷಿಣ. ಮಗನೂ ಹೌದೆಂದ, ಮಗಳೂ ಹೌದೆಂದಳು. ಅಲ್ಲಿದ್ದವರೆಲ್ಲ ಕರಾವಳಿಯವರು, ಅನುಮಾನ ಪಡುವವರು ಯಾರು?

ಒಂದೇ ಒಂದು ತಕರಾರು ಬಂತು, ಅದು ತಲೆಯ ಮೇಲಿನ ಮಾಡಿನದ್ದು. ಮಜ್ಲಿಸಿನ ಮಾಡಿಗೆ ಒಂದು ಹಸಿರು ಬಾಣ ಅಂಟಿಸಿದ್ದರು. ನಮಾಜು ಮಾಡುವವರಿಗೆ ಮೆಕ್ಕಾದ ದಿಕ್ಕು ತೋರಿಸುವುದಂತೆ. ಬಾಣ ಕಡಲಿಗೆ ಬೆನ್ನು ಹಾಕಿತ್ತು. ಊರಿನಲ್ಲಿ ನಮ್ಮ ಪಕ್ಕದ ಮನೆಯವರು ಬ್ಯಾರಿಗಳು, ಅವರು ನಮಾಜಿಗೆ ನಿಲ್ಲುವುದು ಕಡಲಿನ ಕಡೆಗೆ ಎಂದು ನನಗೆ ಗೊತ್ತಿಲ್ಲವೇ? ಪಾಪ, ಅಂಟಿಸಿದವನು ಹೊಸಬ, ತಿರುಗಾಮುರುಗಾ ಅಂಟಿಸಿದ್ದಾನೆ ಎಂದೆ. ಎಲ್ಲರೂ ತಲೆಯಾಡಿಸಿದರು. ಅರಬರ ದೇಶದಲ್ಲಿ ಅರಬರಿಗೆ ಮೆಕ್ಕಾ ಎಲ್ಲಿದೆ ಎಂದು ಗೊತ್ತಿಲ್ಲ ಎಂಬುದನ್ನು ನಾವು ಎಂಟು ಮಂದಿ ಅಷ್ಟು ಸುಲಭದಲ್ಲಿ ಒಪ್ಪಿಕೊಂಡೆವು.

ಹಾಸಿಗೆಗಳನ್ನು ಮತ್ತೆ ತಿರುಗಿಸಿದರು. ತಿರುಗಿಸುವಾಗ ಟಿವಿ ಮತ್ತೆ ಅಡ್ಡ ಬಂತು, ಅದನ್ನೂ ಕೋಣೆಗೆ ಹೊತ್ತರು. ಎಲ್ಲರ ತಲೆ ನನ್ನ ಎಡಗೈ ಕಡೆಗೆ. ಬಚ್ಚಲಿನ ಬಾಗಿಲಿಗೆ ಹತ್ತಿರ ನಾನು, ನನ್ನ ಪಕ್ಕಕ್ಕೆ ಹುಡುಗಿ, ಆಮೇಲೆ ಗಂಡುಮಕ್ಕಳು.

ನೆಲದಲ್ಲಿ ಕೂತು ಉಣ್ಣುವಾಗ ಹಾಸುವ ತೆಳು ಪ್ಲಾಸ್ಟಿಕ್, ಸುಫ್ರಾ ಎನ್ನುತ್ತಾರೆ, ಅದರ ಸುರುಳಿ ಅಡುಗೆಮನೆಯಲ್ಲಿತ್ತು. ಹರಿದು ಹುಡುಗಿಯ ಹಾಸುಬಟ್ಟೆಯ ಅಡಿಗೆ ಹಾಸಿದೆ. ಅವಳು ಕೂತು ನೋಡಿದಳು. ಪರಪರ ಎಂದಿತು. ಚಿಕ್ಕ ಹುಡುಗನ ಕಿವಿ ನೆಟ್ಟಗಾಯಿತು. ಇನ್ನೇನು, ಎಲ್ಲ ಹಾಸಿಗೆಗೂ ಹಾಸಿದೆ, ನನ್ನದಕ್ಕೂ. ನೆಲದ ತಂಡಿ ಏರುತ್ತದೆ ಎಂದೆ. ಆ ರಾತ್ರಿ ಯಾರು ಮಗ್ಗುಲು ಬದಲಿಸಿದರೂ ಹಪ್ಪಳ ಮುರಿದ ಸದ್ದು.

ಬೆಳಗಿನ ಜಾವ ಎಚ್ಚರವಾಗುವುದು ನನಗೆ ಬೀಡಿ ಕಟ್ಟುವ ಕಾಲದ ಅಭ್ಯಾಸ. ಕಣ್ಣು ಬಿಟ್ಟರೆ ಹುಡುಗಿ ಎದ್ದು ಕೂತಿದ್ದಾಳೆ, ಮೊಣಕಾಲು ಅಪ್ಪಿಕೊಂಡು, ಗೊಂಬೆಯ ಹಾಗೆ. ಕೈ ಹಾಕಿ ನೋಡಿದೆ. ಆಗಿತ್ತು. ಅಳುತ್ತಿರಲಿಲ್ಲ. ಆಚೆ ಮಲಗಿದ್ದ ಹುಡುಗರನ್ನೇ ನೋಡುತ್ತಿದ್ದಳು, ಯಾವಾಗ ಏಳುತ್ತಾರೋ ಎಂದು. ದೊಡ್ಡವನು ಆಗಲೇ ಮಗ್ಗುಲು ಬದಲಿಸುತ್ತಿದ್ದ.

ಬಟ್ಟೆ ಎಳೆದರೆ ಪರಪರ ಎನ್ನುತ್ತದೆ. ಒಬ್ಬಳದ್ದೇ ಬಟ್ಟೆ ತೊಳೆದು ಹಾಕಿದರೆ ಕೇಳುತ್ತಾರೆ. ಸ್ವಲ್ಪ ಬೆಳಕಾಗಲಿ, ನೋಡಿ ಮಾಡುವ ಎಂದು ಎದ್ದು ಪರದೆ ಸರಿಸಿದೆ.

ಧೂಳು ಇಳಿದಿತ್ತು. ಸೂರ್ಯ ಕಡಲಿನಿಂದ ಎದ್ದು ಬರುತ್ತಿದ್ದ.

ಅವನು ಅಲ್ಲಿ ಮುಳುಗುವುದನ್ನು ಬಿಟ್ಟು ಬೇರೆ ಕೆಲಸ ಮಾಡಿದ್ದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಆಮೇಲೆ ಎಡಗೈ ನೋಡಿದೆ, ಮಾಡಿನ ಬಾಣ ನೋಡಿದೆ, ಮಕ್ಕಳ ತಲೆ ನೋಡಿದೆ. ಮೂರು ಮಕ್ಕಳ ತಲೆಯೂ, ನನ್ನದೂ, ರಾತ್ರಿಯಿಡೀ ನೇರ ಉತ್ತರಕ್ಕೆ. ಇಷ್ಟು ಸಾಮಾನು ಹೊತ್ತು, ಸೋಫಾದ ಕಾಲು ಬಿಚ್ಚಿ, ಆರಿಸಿ ಆರಿಸಿ ಉತ್ತರಕ್ಕೆ.

ದೇವರು ಕೊಟ್ಟದ್ದನ್ನು ಬೇಡ ಎನ್ನಬಾರದು. ಎರಡೂ ಕೋಣೆಯ ಬಾಗಿಲು ಬಡಿದೆ.

"ಏಳಿ ಎಲ್ಲ. ಮಕ್ಕಳ ತಲೆ ಉತ್ತರಕ್ಕೆ ಇತ್ತು. ಹಾಸಿದ್ದು, ಹೊದ್ದದ್ದು ಎಲ್ಲ ಈಗ್ಲೇ ನೀರಿಗೆ ಬೀಳ್ಬೇಕು. ಮಕ್ಕಳಿಗೆ ತಲೆಸ್ನಾನ."

ಹೀಗೊಂದು ಶಾಸ್ತ್ರ ಯಾವ ಪಂಚಾಂಗದಲ್ಲೂ ಇಲ್ಲ. ಬಾಗಿಲು ಬಡಿಯುವಾಗ ಹುಟ್ಟಿದ್ದು. ಗಂಡುಮಕ್ಕಳನ್ನು ಹಾಸಿಗೆಯಿಂದ ಹೊರಳಿಸಿ, ಬಟ್ಟೆಗಳನ್ನೆಲ್ಲ ಒಂದೇ ರಾಶಿ ಮಾಡಿದೆ. ಹುಡುಗಿಯ ಬಟ್ಟೆ ಎಲ್ಲಕ್ಕಿಂತ ಅಡಿಗೆ ಹೋಯಿತು.

ಅಳಿಯ ಹೊರಗೆ ಮರಳಿನ ಮೇಲೆ ಹೋಗಿ ಸೊಂಟಕ್ಕೆ ಕೈ ಕೊಟ್ಟು ಸೂರ್ಯನನ್ನು ದಿಟ್ಟಿಸಿದರು, ತಪ್ಪು ಅವನದ್ದೇ ಎಂಬ ಹಾಗೆ. ಮಗ ಬಂದು, ಹಾಸಿಗೆ ಒಗೆದರೆ ದಿಕ್ಕಿನ ದೋಷ ಹೋಗುವುದು ಹೇಗೆ, ಇದು ಯಾವ ಲಾಜಿಕ್ ಎಂದು ಶುರು ಮಾಡಿದ. ಸೊಸೆ ಬಾಗಿಲಲ್ಲಿ ನಿಂತಿದ್ದಳು. ರಾಶಿಯನ್ನು ನೋಡಿದಳು, ಹುಡುಗಿಯ ಒದ್ದೆ ಲಂಗ ನೋಡಿದಳು, ನನ್ನನ್ನು ನೋಡಿದಳು. ರಾಶಿಯನ್ನು ಹಾಗೇ ಬಾಚಿ ಎತ್ತಿಕೊಂಡಳು.

"ಮಾಮಿ ಹೇಳುದು ಸರಿ," ಎಂದಳು ಗಂಡನಿಗೆ. "ಉತ್ತರ ಅಂದ್ರೆ ಉತ್ತರವೇ. ನೀವು ನೀರು ಬಿಡಿ."

ಮಗ ಹೋಗಿ ನೀರು ಬಿಟ್ಟ. ಎಂಎಸ್ಸಿ ಓದಿದವಳು ಒಂದೇ ರಾತ್ರಿಯಲ್ಲಿ ಹೀಗಾದದ್ದು ಆ ಮನೆಯ ದೋಷವೇ ಎಂದು ಅವನು ನಂಬಿದ್ದಿರಬೇಕು.

ಬಚ್ಚಲಿನ ದೊಡ್ಡ ತೊಟ್ಟಿಯಲ್ಲಿ ಮಕ್ಕಳನ್ನೇ ಇಳಿಸಿ ಬಟ್ಟೆ ತುಳಿಸಿದೆವು. ಮೂವರೂ ಒಂದೇ ಹದಕ್ಕೆ ಒದ್ದೆ. ಹುಡುಗಿ ಎಲ್ಲರಿಗಿಂತ ಜೋರಾಗಿ ಕುಣಿದಳು, ಅಣ್ಣಂದಿರ ಮುಖಕ್ಕೆ ನೊರೆ ಎರಚಿದಳು. ಅವರು ಹೊಟ್ಟೆ ಹಿಡಿದು ನಕ್ಕದ್ದು ನನ್ನನ್ನು ನೋಡಿ, ಅಜ್ಜಿಗೆ ಸೂರ್ಯ ಎಲ್ಲಿ ಹುಟ್ಟುವುದೆಂದೇ ಗೊತ್ತಿಲ್ಲ ಎಂದು. ರಜೆ ಮುಗಿದ ಮೇಲೆ ಬಸ್ಸಿನಲ್ಲಿ ಎಲ್ಲರಿಗೂ ಹೇಳಿದರಂತೆ. ಹೇಳಲಿ. ಬಸ್ಸಿಗೆ ಏನಾದರೊಂದು ಬೇಕಿತ್ತು.

ಬಟ್ಟೆಗಳನ್ನು ಹೊರಗೆ ಬಿದ್ದಿದ್ದ ಸೋಫಾದ ಮೇಲೆ ಹರಡಿದೆವು. ಅಂಗಾತ ಬಿದ್ದ ಸೋಫಾ ಅಂತೂ ಒಂದು ಉಪಯೋಗಕ್ಕೆ ಬಂತು. ಹುಡುಗಿ ತುದಿ ಹಿಡಿದು ಎಳೆದು ಕೊಡುತ್ತಿದ್ದಳು. ಯಾರೂ ಇಲ್ಲದ್ದನ್ನು ನೋಡಿ ಕೇಳಿದಳು.

"ಅಜ್ಜಿ, ಟುನೈಟ್ ಪುನಃ ಆದ್ರೆ?"

"ಇವತ್ತು ಪಡುವಣಕ್ಕೆ ತಲೆ ಹಾಕುವ," ಎಂದೆ. "ಅದೂ ಅಷ್ಟೇನು ಒಳ್ಳೇದಲ್ಲ."

ಆಮೇಲೆ ಒಳಗೆ ಓಡಿ, ಹಾಸಿಗೆ ತಿರುಗಿಸಬೇಕಂತೆ ಎಂದು ಅಪ್ಪನನ್ನೂ ಮಾವನನ್ನೂ ಕರೆದಳು.