ಕರೆಂಟ್ ಬಂದಾಗಿನ ಚಹಾ

ಕರೆಂಟ್ ಬಂದದ್ದೇ ತಡ, ಯಾರೂ ಮುಟ್ಟದಿದ್ದರೂ ಕಂಪ್ಯೂಟರ್ ತಾನಾಗಿಯೇ ಚಾಲೂ ಆಯಿತು. ನನ್ನ ಗಂಡ ತೀರಿಕೊಂಡು ತಿಂಗಳಾಗಿತ್ತು. ಕೂಡ್ಲಿಗಿಯ ನಮ್ಮ ಮನೆಯಲ್ಲಿ ಅವರು ಅದರಲ್ಲೇ ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದರು. ಅಂದು ಬೆಳಿಗ್ಗೆ ಧೂಳು ಒರೆಸಿ ಗೋಡೆಯ ಸ್ವಿಚ್ ಹಾಕಿಟ್ಟವಳು ನಾನೇ. ಬಟನ್ ಮಾತ್ರ ಒತ್ತಿರಲಿಲ್ಲ.

ಅತ್ತೆ ಚಹಾ ತಂದು ಕೀಬೋರ್ಡ್ ಪಕ್ಕ ಇಟ್ಟರು, ಮಗ ಕೆಲಸಕ್ಕೆ ಕೂತಾಗ ಇಡುತ್ತಿದ್ದ ಹಾಗೆ. ಮರುದಿನವೂ ಇಟ್ಟರು, ಅದರ ಮರುದಿನವೂ. ಆರಿದ ಚಹಾವನ್ನು ಅವರಿಗೆ ಕಾಣದಂತೆ ನಾನು ಚೆಲ್ಲುತ್ತಿದ್ದೆ. ಕೊನೆಗೆ ರಿಪೇರಿಯವನನ್ನು ಕರೆಸಿದೆ.

“ಕೆಟ್ಟಿಲ್ರಿ ಅಕ್ಕಾರ. ಕರೆಂಟ್ ಇರೋದ ಎರಡು ತಾಸು. ಅದ್ರಾಗ ಒಂದು ನಿಮಿಷಾನೂ ಹಾಳಾಗಬಾರದಂತ, ಕರೆಂಟ್ ಬಂದ ಕೂಡ್ಲೇ ಚಾಲೂ ಆಗಂಗ ಅಣ್ಣಾರ ಸೆಟ್ ಮಾಡ್ಯಾರ. ತೆಗೀಲೇನ್ರಿ?”

ಅತ್ತೆ ನನ್ನ ಮುಖ ನೋಡಿದರು. ತೆಗೆಯಲು ಹೇಳಿದೆ.

ಮರುದಿನ ಕರೆಂಟ್ ಬಂದಾಗ ಫ್ಯಾನ್ ಮಾತ್ರ ತಿರುಗಿತು. ಅತ್ತೆ ಲೋಟ ಹಿಡಿದು ಕಪ್ಪು ಪರದೆಯ ಮುಂದೆ ನಿಂತೇ ಇದ್ದರು. ನಾನು ಹೋಗಿ ಗಂಡನ ಕುರ್ಚಿಯಲ್ಲಿ ಕೂತು ಬಟನ್ ಒತ್ತಿದೆ. ಅವರು ಅರ್ಧಕ್ಕೆ ಬಿಟ್ಟಿದ್ದ ಒಂದು ಲಗ್ನಪತ್ರಿಕೆಯನ್ನು ತೆರೆದೆ.

ಅತ್ತೆ ಲೋಟವನ್ನು ಅದೇ ಜಾಗದಲ್ಲಿ ಇಟ್ಟರು. “ಆರೋದ್ರಾಗ ಕುಡಿಯವ್ವ” ಎಂದರು. ಅಂದಿನಿಂದ ಚಹಾ ಚೆಲ್ಲಿಲ್ಲ.