ಶುಭದ ಹಕ್ಕಿ

ಬಸಿರಿನ ಕುಬಸದ ಶಾಸ್ತ್ರ ಮುಗಿಸಿ ಅವ್ವ ನನ್ನನ್ನು ಬೀದರಿನಿಂದ ಔರಾದಿನ ತವರಿಗೆ ಕರೆತಂದಾಗ ಹಿತ್ತಲಿನ ನಿಂಬೆಗಿಡದಲ್ಲಿ ಬುಲ್‌ಬುಲ್ ಹಕ್ಕಿಗಳು ಗೂಡು ಕಟ್ಟುತ್ತಿದ್ದವು. ಹಿಂದಿನ ಸಲದ ಬಸಿರು ಅರ್ಧಕ್ಕೇ ಹೋಗಿತ್ತು. ಹೀಗಾಗಿ ಈ ಸಲ ನನ್ನನ್ನು ಯಾರೂ ಏಳಗೊಡುತ್ತಿರಲಿಲ್ಲ. ನೀರು ಕೇಳಿದರೆ ಹಾಲು ಬರುತ್ತಿತ್ತು. ಬೇಸರ ಕಳೆಯಲು ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಗೂಡು ನೋಡುತ್ತ ಕೂತೆ.

ಮೊಟ್ಟೆಯೊಡೆದು ಮೂರು ಮರಿ ಬಂದವು. ಮೈಮೇಲೆ ಪುಕ್ಕವಿಲ್ಲ, ಬರೀ ಬಾಯಿ! ತಾಯಿ-ತಂದೆ ಹುಳ ತರುವುದೇನು, ಬಾಯಿಗೆ ತುರುಕುವುದೇನು, ಒಂದು ಗಳಿಗೆ ಪುರುಸೊತ್ತಿಲ್ಲ. ನೋಡುತ್ತ ನೋಡುತ್ತ ನನ್ನ ತಲೆಗೊಂದು ಹುಚ್ಚು ಹೊಕ್ಕಿತು: ಈ ಮರಿಗಳು ಹಾರಿದರೆ ನನ್ನ ಮಗುವೂ ಉಳಿಯುತ್ತದೆ. ಓದಿದವಳು ಹಾಗೆಲ್ಲ ಅಂದುಕೊಳ್ಳಬಾರದು. ನಾನು ಅಂದುಕೊಂಡೆ, ಅವ್ವನಿಗೂ, ಫೋನಿನಲ್ಲಿ ಗಂಡನಿಗೂ ಹೇಳಿಬಿಟ್ಟೆ.

ಆಮೇಲೆ ಭಾರದ್ವಾಜ ಬಂತು.

ಕೆಂಬೂತವನ್ನು ನಮ್ಮ ಗಡಿಯ ಕಡೆ ಹಾಗೆ ಕರೆಯುತ್ತಾರೆ. ಕಪ್ಪು ಮೈ, ಇಟ್ಟಂಗಿ ಬಣ್ಣದ ರೆಕ್ಕೆ, ಕೆಂಡದಂಥ ಕಣ್ಣು. ಬೆಳಿಗ್ಗೆ ಕಂಡರೆ ಕೈಮುಗಿಯಬೇಕು, ಒಳ್ಳೆಯದಾಗುತ್ತದೆ. ಬೇಲಿಯಾಚೆ ಅದು "ಊಪ್ ಊಪ್" ಎಂದದ್ದೇ ತಡ, ಅವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು.

"ನೋಡ, ನೋಡ! ತಾನಾಗೇ ಮನಿಗಿ ಬಂದದ. ನಿನ್ನ ಹೊಟ್ಟಿಗಿ ಶುಭ ಅದ. ಕೈ ಮುಗಿ."

ಮುಗಿದೆ. ಆದರೆ ಅದರ ನಡಿಗೆ ನನಗೆ ಸರಿಬರಲಿಲ್ಲ. ಹಾರುತ್ತಿರಲಿಲ್ಲ, ಗಿಡದ ಬುಡದಲ್ಲಿ ತಲೆ ತಗ್ಗಿಸಿ ಒಂದೊಂದೇ ಹೆಜ್ಜೆ ಇಟ್ಟು, ನಿಂತು, ಮೇಲೆ ನೋಡುತ್ತಿತ್ತು. ಬುಲ್‌ಬುಲ್‌ಗಳು ಅರಚಿಕೊಂಡು ಮೇಲೆರಗಿದರೂ ಅದಕ್ಕೆ ಲೆಕ್ಕವಿಲ್ಲ. ಮರುದಿನ ಬಂದು ಕೆಳಗಿನ ಕೊಂಬೆ ಹತ್ತಿತು. ನಾನು ಕಲ್ಲು ಎತ್ತಿದೆ. ಅವ್ವ ಕೈ ಹಿಡಿದಳು.

"ಏ ಹುಚ್ಚಿ, ಬಸರ ಹೆಂಗಸು, ದೇವರಂಥಾ ಹಕ್ಕಿಗಿ ಕಲ್ಲ ಒಗಿತಿ?"

"ಅವ್ವ, ಅದು ಮರಿ ತಿನ್ಲಾಕ ಬಂದದ!"

"ಶುಭದ ಹಕ್ಕಿ ಮರಿ ಯಾಕ ತಿಂತದ? ಹುಳ ಹುಡಕ್ಲಾಕತ್ತದ. ಬಾಯಿ ಮುಚ್ಚು."

ಸಿಟ್ಟು ನೆತ್ತಿಗೇರಿತು. ಆದರೂ ಕಲ್ಲು ಕೆಳಗೆ ಬಿಟ್ಟೆ. ನನಗೂ ಹೆದರಿಕೆಯೇ. ಹೊಡೆದ ಪಾಪ ನನ್ನ ಹೊಟ್ಟೆಗೇ ತಟ್ಟಿದರೆ?

ಮರಿಗಳಿಗೆ ಪುಕ್ಕ ಬಂತು. ಗೂಡಿನ ಅಂಚಿಗೆ ಬಂದು ರೆಕ್ಕೆ ಬಡಿಯತೊಡಗಿದವು. ಇಂದೋ ನಾಳೆಯೋ ಹಾರುತ್ತವೆ ಎಂದು ನಾನು ಕಾಯುತ್ತಿದ್ದಾಗ, ಒಂದು ಬೆಳಿಗ್ಗೆ ಆ ಕೂಗು ನಿಂಬೆಗಿಡದ ಒಳಗಿನಿಂದಲೇ ಕೇಳಿತು. ಅವ್ವ ಬಂದು ಕೈಮುಗಿದು ನಿಂತಳು. ಎಲೆಗಳು ಅಲುಗಿದವು. ಭಾರದ್ವಾಜ ಹೊರಬಂದಾಗ ಕೊಕ್ಕಿನಲ್ಲಿ ಮರಿಯಿತ್ತು, ಇನ್ನೂ ಕಾಲಾಡಿಸುತ್ತಿತ್ತು. ಉಳಿದೆರಡನ್ನೂ ಆಗಲೇ ತಿಂದು ಗೂಡು ಬರಿದು ಮಾಡಿತ್ತು.

ಅವ್ವನ ಮುಗಿದ ಕೈ ಹಾಗೇ ಇತ್ತು. ಆಮೇಲೆ ಒಮ್ಮೆಲೇ ನನ್ನತ್ತ ತಿರುಗಿ, ತನ್ನ ಸೆರಗನ್ನು ನನ್ನ ಹೊಟ್ಟೆಯ ಮೇಲೆ ಎಳೆದಳು.

"ನೀ ಏನೂ ನೋಡಿಲ್ಲ. ಮರಿ ಹಾರಿ ಹೋದ್ವು. ಅನ್ನು."

ನನ್ನ ಭುಜ ಹಿಡಿದು ಅಲುಗಿಸಿದಳು.

"ಅನ್ನು ಅಂದ್ರ ಅನ್ನು!"

"ಹಾರಿ ಹೋದ್ವು," ಅಂದೆ.

ಅಷ್ಟರಲ್ಲಿ ಬೀದರಿನಿಂದ ನನ್ನ ಗಂಡನ ಫೋನ್ ಬಂತು. ಅವ್ವನೇ ಎತ್ತಿಕೊಂಡಳು.

"ಆರಾಮ ಅದಾಳ್ರಿ. ಮುಂಜಾನಿನೇ ಭಾರದ್ವಾಜನ ದರ್ಶನ ಆಯ್ತ್ರಿ. ಮರಿ ಎಲ್ಲಾ ಹಾರಿ ಹೋದ್ವು ನೋಡ್ರಿ."

ದನಿಯಲ್ಲಿ ಒಂದಿಷ್ಟೂ ನಡುಕವಿರಲಿಲ್ಲ. ಇನ್ನೊಂದು ಕೈ ಮಾತ್ರ ನನ್ನ ಹೊಟ್ಟೆಯ ಮೇಲಿತ್ತು. ಒಳಗೆ ಮಿಸುಕುತ್ತದೋ ಇಲ್ಲವೋ ಎಂದು ಒತ್ತಿ ಒತ್ತಿ ನೋಡುತ್ತಿತ್ತು.